212 ಸದಸ್ಯರ ಲೈಬ್ರರಿಗೆ ಒಂದು ಫೈಲ್ ಸಾಕು

ಸಂಪಾದಕರಿಗೆ ನಮಸ್ಕಾರ,

ನಾನು ಶಿರಸಿಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತೇನೆ. ಮದುವೆ ಕರೆಯೋಲೆ, ಸಂಘಗಳ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್, ಮಕ್ಕಳ ಪ್ರಾಜೆಕ್ಟು ಎಲ್ಲಾ ನನ್ನ ಟೇಬಲ್ ಮೇಲೇ ಆಗುತ್ತದೆ. ಸುಮಾರು ಹತ್ತು ವರ್ಷದಿಂದ ಸಣ್ಣಪುಟ್ಟ ವೆಬ್‌ಸೈಟ್ ಕೂಡ ಮಾಡಿಕೊಡುತ್ತಿದ್ದೇನೆ. ಓದಿದ್ದು ಬಿ.ಕಾಂ. ಪಿಎಚ್‌ಪಿ ಎಂಬ ವೆಬ್‌ಸೈಟ್ ಬರೆಯುವ ಭಾಷೆ ಕಲಿತದ್ದು ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ. ಹಾಗಾಗಿ ನಾನು ಇಂಜಿನಿಯರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಪತ್ರ ಬರೆಯಲು ಕಾರಣ ಒಂದು ಕೊಟೇಶನ್. ಹತ್ತಿರದ ಹಳ್ಳಿಯೊಂದರಲ್ಲಿ ಯುವಕ ಸಂಘದವರು ಒಂದು ಲೈಬ್ರರಿ ನಡೆಸುತ್ತಾರೆ. ಪುಸ್ತಕ 4,300. ಸದಸ್ಯರು 212. ತಲಾ 100 ರೂಪಾಯಿ ವಾರ್ಷಿಕ ಚಂದಾ. ಯಾವ ಪುಸ್ತಕ ಯಾರ ಮನೆಯಲ್ಲಿದೆ ಅಂತ ಫೋನ್‌ನಲ್ಲೇ ನೋಡುವ ಹಾಗಾಗಬೇಕು ಎಂದು ಅವರ ಆಸೆ. ದೊಡ್ಡ ಊರಿನ ಒಂದು ಕಂಪನಿಯನ್ನು ಕೇಳಿದ್ದಾರೆ. ಬಂದ ಕೊಟೇಶನ್ ಅನ್ನು ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೇ ತಂದರು. ಆರಂಭಕ್ಕೆ 1,10,000 ರೂಪಾಯಿ. ಆಮೇಲೆ 'ಡೇಟಾಬೇಸ್ ಸರ್ವರ್ ಮತ್ತು ನಿರ್ವಹಣೆ' ಎಂದು ತಿಂಗಳಿಗೆ 2,800. ಡೇಟಾಬೇಸ್ ಸರ್ವರ್ ಅಂದರೆ ಮಾಹಿತಿ ಜೋಡಿಸಿಟ್ಟು, ಕೇಳಿದಾಗ ತೆಗೆದುಕೊಡಲು ಸದಾ ಓಡುತ್ತಿರುವ ಪ್ರೋಗ್ರಾಮ್. ಬಿ.ಕಾಂ. ಓದಿದ ತಪ್ಪಿಗೆ ನಾನು ಅಲ್ಲೇ ಲೆಕ್ಕ ಹಾಕಿದೆ. ವರ್ಷದ ಚಂದಾ ಪೂರ್ತಿ ಬಂದರೂ 21,200. ಸರ್ವರ್ ಒಂದಕ್ಕೇ ವರ್ಷಕ್ಕೆ 33,600. ಪುಸ್ತಕ ಕೊಳ್ಳುವುದು ಬಿಡಿ, ಇರುವ ಪುಸ್ತಕ ಮಾರಿ ಸರ್ವರ್ ಸಾಕಬೇಕು.

ಆ ಕಂಪನಿಯವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರ ದುಡಿಮೆ, ಅವರ ದರ. ಆದರೆ ದಿನಕ್ಕೆ ಐವತ್ತು ಅರವತ್ತು ಸಲ ತೆರೆಯುವ ಪುಟಕ್ಕೆ ಹಗಲೂ ರಾತ್ರಿ ಓಡುವ ಬೇರೆಯೇ ಡೇಟಾಬೇಸ್ ಸರ್ವರ್ ಬೇಕಾ? ಬೇಡ. ಒಂದು ಫೈಲ್ ಸಾಕು. ಇದನ್ನು ನಮ್ಮ ಸಂಘ, ಶಾಲೆ, ಭಜನಾ ಮಂಡಳಿಗಳಿಗೆ ಯಾರೂ ಹೇಳುತ್ತಿಲ್ಲ.

ಫೈಲ್ ಅಂದರೆ ಎಂಥ ಫೈಲ್ ಅನ್ನುವುದನ್ನು ನಾನು ಪೆಟ್ಟು ತಿಂದು ಕಲಿತೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

2018, ಮಾರಿಕಾಂಬಾ ಜಾತ್ರೆ ನಡೆದ ವರ್ಷ. ಕೆಲವು ಹುಡುಗರು ರಕ್ತದಾನಿಗಳ ಪಟ್ಟಿ ಮಾಡಿಕೊಡಿ ಎಂದು ಬಂದರು. ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರ್, ಕೊನೆಗೆ ಕೊಟ್ಟ ದಿನ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದ ಮೇಲೆ ಹೆಸರು ಮತ್ತೆ ಪಟ್ಟಿಗೆ ಬರಬೇಕು. ಇಷ್ಟೇ. ನಾನು ಒಂದು ಜೇಸನ್ ಫೈಲ್ ಮಾಡಿ ಎಲ್ಲವನ್ನೂ ಅದರಲ್ಲಿ ತುಂಬಿದೆ. ಜೇಸನ್ ಅಂದರೆ ಸಾದಾ ಅಕ್ಷರದ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದಬಹುದು. ನನಗೆ ಬಹಳ ಹೆಮ್ಮೆ ಆಗಿತ್ತು.

ಆಮೇಲೆ ಒಂದು ಭಾನುವಾರ ಶಿಬಿರ. ಇಬ್ಬರು ಹುಡುಗರು ಎರಡು ಲ್ಯಾಪ್‌ಟಾಪ್ ಹಿಡಿದು ದಾನಿಗಳ ಹೆಸರು ಹಾಕುತ್ತಾ ಕೂತರು. ರಕ್ತ ಕೊಟ್ಟವರು 61 ಜನ. ಸಂಜೆ ಪಟ್ಟಿ ನೋಡಿದರೆ 38 ಹೆಸರು. ಉಳಿದ 23 ಎಲ್ಲಿ? ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ನನ್ನದೇ. ನನ್ನ ಕೋಡ್ ಪ್ರತಿ ಸಲವೂ ಇಡೀ ಫೈಲ್ ಓದಿ, ಒಂದು ಹೆಸರು ಸೇರಿಸಿ, ಇಡೀ ಫೈಲ್ ಅನ್ನು ವಾಪಸ್ ಬರೆಯುತ್ತಿತ್ತು. ಇಬ್ಬರೂ ಒಂದೇ ಹೊತ್ತಿಗೆ ಓದಿದರೆ ಕೊನೆಗೆ ಬರೆದವನದ್ದು ಉಳಿಯುತ್ತದೆ, ಮೊದಲು ಬರೆದವನದ್ದು ಮಾಯ. ನನ್ನ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಒಂದೇ ವಹಿಯ ಎರಡು ಜೆರಾಕ್ಸ್ ತೆಗೆದು ಇಬ್ಬರಿಗೆ ಬರೆಯಲು ಕೊಟ್ಟು, ಸಂಜೆ ಒಂದನ್ನು ಮಾತ್ರ ಬೈಂಡ್ ಮಾಡಿದ ಹಾಗೆ. ಇನ್ನೊಂದು ರದ್ದಿಗೆ.

ಪುಣ್ಯಕ್ಕೆ ಕಾಗದದ ಫಾರ್ಮ್‌ಗಳಿದ್ದವು. ರಾತ್ರಿ ಕೂತು ಮತ್ತೆ ಹಾಕಿದೆ. ಅವತ್ತೇ ಹುಡುಕುತ್ತಾ ಹೋಗಿ ಸಿಕ್ಕಿದ್ದು, ಇಡೀ ಡೇಟಾಬೇಸ್ ಅನ್ನು ಒಂದೇ ಫೈಲಿನಲ್ಲಿ ಇಡುವ ಎಸ್‌ಕ್ಯೂಲೈಟ್.

ಇದರ ಕಥೆ ಚೆನ್ನಾಗಿದೆ. ರಿಚರ್ಡ್ ಹಿಪ್ ಎಂಬ ಅಮೆರಿಕದ ಪ್ರೋಗ್ರಾಮರ್ ಯುದ್ಧನೌಕೆಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಹಡಗಿಗೆ ಪೆಟ್ಟು ಬಿದ್ದು ಪೈಪ್ ಒಡೆದರೆ ಯಾವ ವಾಲ್ವ್ ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂದು ಹೇಳುವ ಪ್ರೋಗ್ರಾಮ್ ಅದು. ಮಾಹಿತಿ ಇದ್ದದ್ದು ಒಂದು ದೊಡ್ಡ ಡೇಟಾಬೇಸ್ ಸರ್ವರ್‌ನಲ್ಲಿ. ಸರ್ವರ್ ನಿಂತರೆ ಪ್ರೋಗ್ರಾಮ್ ಸರಿಯಿದ್ದರೂ ಪ್ರಯೋಜನವಿಲ್ಲ, 'ಸರ್ವರ್‌ಗೆ ಸಂಪರ್ಕ ಸಿಗುತ್ತಿಲ್ಲ' ಎಂದು ಹೇಳಿ ಕೂತುಬಿಡುತ್ತಿತ್ತು. ಮಧ್ಯದಲ್ಲಿ ಈ ಸರ್ವರ್ ಯಾಕೆ ಬೇಕು, ಡಿಸ್ಕ್‌ನಲ್ಲಿರುವ ಫೈಲ್‌ನಿಂದ ನೇರ ಓದಿದರಾಯ್ತಲ್ಲ ಎಂದು ಅವರಿಗೆ ಅನ್ನಿಸಿತು. 2000ದಲ್ಲಿ ಮೊದಲ ಆವೃತ್ತಿ ಬಂತು. ಅದರ ಮೇಲೆ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಪ್ರತಿ ಆಂಡ್ರಾಯ್ಡ್ ಫೋನ್‌ನಲ್ಲೂ ಐಫೋನ್‌ನಲ್ಲೂ ಇದೆ. ಇದನ್ನು ಓದುತ್ತಿರುವವರ ವಾಟ್ಸ್‌ಆ್ಯಪ್ ಸಂದೇಶಗಳು ಅವರ ಫೋನ್‌ನಲ್ಲಿ ಕೂತಿರುವುದೂ ಇಂಥದ್ದೇ ಫೈಲಿನಲ್ಲಿ. ಅಂದರೆ ಆ ಕೊಟೇಶನ್ ಹಿಡಿದು ಬಂದ ಸಂಘದ ಕಾರ್ಯದರ್ಶಿಯ ಕಿಸೆಯಲ್ಲೇ ಡೇಟಾಬೇಸ್ ಇತ್ತು, ತಿಂಗಳ ಬಾಡಿಗೆ ಇಲ್ಲದೆ.

ಇದರಲ್ಲಿ ಇಬ್ಬರು ಒಟ್ಟಿಗೆ ಬರೆಯಲು ಬಂದರೆ ಒಬ್ಬರು ಕ್ಷಣಕಾಲ ಕಾಯುತ್ತಾರೆ. ಒಬ್ಬರದ್ದು ಮುಗಿದ ಮೇಲೆ ಇನ್ನೊಬ್ಬರದ್ದು. ಯಾರದ್ದೂ ಅಳಿಯುವುದಿಲ್ಲ. ಎಷ್ಟು ಹೊತ್ತು ಕಾಯಬೇಕು ಎಂದು ನಾವೇ ಹೇಳಿಡಬೇಕು, ಇಲ್ಲದಿದ್ದರೆ 'ಲಾಕ್ ಆಗಿದೆ' ಎಂದು ಹೇಳಿ ಕೈಬಿಡುತ್ತದೆ. ನಾನು ಐದು ಸೆಕೆಂಡ್ ಇಟ್ಟಿದ್ದೇನೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ? ಅರ್ಧ ಬರೆದದ್ದು ಉಳಿಯುವುದಿಲ್ಲ, ಮುಂದಿನ ಸಲ ತೆರೆದಾಗ ಹಿಂದಿನ ಸರಿಯಾದ ಸ್ಥಿತಿಗೆ ಹೋಗುತ್ತದೆ. ಇದನ್ನು ಪರೀಕ್ಷಿಸಲು ನಾನೇನೂ ಕಷ್ಟಪಡಲಿಲ್ಲ. ಜುಲೈ ತಿಂಗಳು, ಶಿರಸಿ, ಯುಪಿಎಸ್ ಬ್ಯಾಟರಿ ಸತ್ತಿತ್ತು. ಒಂದೇ ದಿನದಲ್ಲಿ ಐದು ಸಲ ಪರೀಕ್ಷೆ ಆಯ್ತು.

ಎರಡನೇ ಪೆಟ್ಟು ಬಿದ್ದದ್ದು ಮರುವರ್ಷ. ಇದನ್ನು ಬರೆಯಲು ಈಗಲೂ ನಾಚಿಕೆ. ಶಿಬಿರದ ಕೆಲಸವನ್ನು ಎಸ್‌ಕ್ಯೂಲೈಟ್‌ಗೆ ಬದಲಾಯಿಸಿದ್ದೆ, ಆದರೆ ಹಳೆಯ ಜೇಸನ್ ಫೈಲ್ ಅನ್ನು ಅಳಿಸಿರಲಿಲ್ಲ. ಒಬ್ಬ ದಾನಿ ಫೋನ್ ಮಾಡಿದರು. "ಅಕ್ಕ, ಗೂಗಲ್‌ನಲ್ಲಿ ನನ್ನ ನಂಬರ್ ಹಾಕಿದ್ರೆ ನಿಮ್ಮ ಪಟ್ಟಿ ಪೂರ್ತಿ ಬರ್ತಾ ಇದೆಯಲ್ಲ?" ನಾನು ನಂಬಲಿಲ್ಲ. ಲಾಗಿನ್ ಪುಟ ಇದೆ, ಪಾಸ್‌ವರ್ಡ್ ಇದೆ, ಹೇಗೆ ಬರುತ್ತೆ? ಹಾಕಿ ನೋಡಿದೆ. ಬಂತು. ಮುನ್ನೂರು ಜನರ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರ್. ಅದರಲ್ಲಿ ಹೆಣ್ಣುಮಕ್ಕಳ ನಂಬರ್‌ಗಳೂ ಇದ್ದವು.

ವೆಬ್‌ಸೈಟ್ ಇಡುವ ಹೋಸ್ಟಿಂಗ್‌ನಲ್ಲಿ ಒಂದು ಫೋಲ್ಡರ್ ಲೋಕಕ್ಕೆಲ್ಲ ತೆರೆದಿರುತ್ತದೆ. ಅದರಲ್ಲಿ ಏನಿಟ್ಟರೂ ವಿಳಾಸ ಗೊತ್ತಿದ್ದವರು ನೇರ ಇಳಿಸಿಕೊಳ್ಳಬಹುದು. ಲಾಗಿನ್ ಪುಟದ ಹತ್ತಿರ ಬರುವ ಅಗತ್ಯವೇ ಇಲ್ಲ. ಫೈಲ್ ಇದ್ದದ್ದು ಅದೇ ಫೋಲ್ಡರ್‌ನಲ್ಲಿ. ಹುಡುಕುವ ಪುಟದ ಒಳಗೆ ಅದರ ವಿಳಾಸವನ್ನೂ ನಾನೇ ಬರೆದಿದ್ದೆ. ಮುಂಬಾಗಿಲಿಗೆ ಬೀಗ ಹಾಕಿ, ಪೆಟ್ಟಿಗೆಯನ್ನು ಜಗಲಿಯಲ್ಲಿ ಇಟ್ಟಿದ್ದೆ. ಪರಿಹಾರ ಎರಡು ನಿಮಿಷದ್ದು. ಫೈಲ್ ಅನ್ನು ಆ ಫೋಲ್ಡರ್‌ನ ಹೊರಗೆ, ಒಂದು ಮೆಟ್ಟಿಲು ಮೇಲಿನ ಫೋಲ್ಡರ್‌ನಲ್ಲಿ ಇಡಬೇಕು. ಪಿಎಚ್‌ಪಿ ಅಲ್ಲಿಂದ ಓದುತ್ತದೆ, ಬ್ರೌಸರ್‌ಗೆ ಅಲ್ಲಿಗೆ ದಾರಿ ಇಲ್ಲ. ಎಸ್‌ಕ್ಯೂಲೈಟ್ ಫೈಲ್ ಆದರೂ ಇದೇ ಮಾತು. ತಪ್ಪು ಜಾಗದಲ್ಲಿ ಇಟ್ಟರೆ ಅದೂ ಹಾಗೇ ಡೌನ್‌ಲೋಡ್ ಆಗುತ್ತದೆ. ಎರಡು ನಿಮಿಷದ ಆ ಕೆಲಸ ಗೊತ್ತಿಲ್ಲದೆ ಮೂರು ಸಂಜೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಬೈದವರು ನಾಲ್ಕೇ ಜನ. ಜಾಸ್ತಿ ಜನ "ಪರವಾಗಿಲ್ಲ ಬಿಡಿ" ಅಂದರು. ಅದೇ ಹೆಚ್ಚು ಚುಚ್ಚಿತು.

ಪತ್ರ ಉದ್ದವಾಗುತ್ತಿದೆ, ಗೊತ್ತು. ಕತ್ತರಿಸುವುದಿದ್ದರೆ ಯುದ್ಧನೌಕೆಯ ಕಥೆ ಕತ್ತರಿಸಿ. ಮುಂದಿನ ಲಾಗಿನ್ ವಿಷಯ ಮಾತ್ರ ದಯವಿಟ್ಟು ಬಿಡಬೇಡಿ.

ನನ್ನ ಮೊದಲ ಸೈಟ್‌ನಲ್ಲಿ ಪಾಸ್‌ವರ್ಡ್‌ಗಳು ಇದ್ದ ಹಾಗೇ ಫೈಲಿನಲ್ಲಿ ಇದ್ದವು. ನಾಲ್ಕು ಜನ ಕಾರ್ಯಕರ್ತರು. ಒಬ್ಬರದ್ದು ಸ್ವಂತ ಮೊಬೈಲ್ ನಂಬರ್. ಇನ್ನೊಬ್ಬರದ್ದು ಮಗಳ ಹೆಸರು. ಮತ್ತೊಬ್ಬರು ಅದೇ ಪಾಸ್‌ವರ್ಡ್ ಅನ್ನು ತಮ್ಮ ಇಮೇಲ್‌ಗೂ ಇಟ್ಟಿದ್ದರು ಎಂದು ಆಮೇಲೆ ತಿಳಿಯಿತು. ನೋಡಿ, ಅಪಾಯ ಇರುವುದು ಇಲ್ಲೇ. ರಕ್ತದಾನಿಗಳ ಪಟ್ಟಿಯ ಪಾಸ್‌ವರ್ಡ್ ಕದ್ದು ಯಾರಿಗೇನು ಲಾಭ ಅನ್ನಿಸಬಹುದು. ಆದರೆ ಜನ ಒಂದೇ ಪಾಸ್‌ವರ್ಡ್ ಅನ್ನು ಎಲ್ಲ ಕಡೆ ಹಾಕುತ್ತಾರೆ. 2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾದವು. ಎಲ್ಲವೂ ಇದ್ದ ಹಾಗೇ ಬರೆದಿಟ್ಟವು. ಬೇರೆಯವರ ಖಾತೆಗೆ ನುಗ್ಗಲು ನೋಡುವವರು ಇವತ್ತಿಗೂ ಆ ಪಟ್ಟಿಯನ್ನೇ ಇಟ್ಟುಕೊಂಡು ಒಂದೊಂದೇ ಹಾಕಿ ನೋಡುತ್ತಾರೆ.

ಪಾಸ್‌ವರ್ಡ್ ಅನ್ನು ಗಿರಣಿಗೆ ಹಾಕಿ ಹಿಟ್ಟು ಮಾಡಿ ಇಡಬೇಕು. ಅಕ್ಕಿಯಿಂದ ಹಿಟ್ಟು ಬರುತ್ತದೆ, ಹಿಟ್ಟಿನಿಂದ ಅಕ್ಕಿ ಬರುವುದಿಲ್ಲ. ಲಾಗಿನ್ ಮಾಡುವಾಗ ಬಂದ ಅಕ್ಕಿಯನ್ನು ಮತ್ತೆ ಬೀಸಿ, ಹಿಟ್ಟು ಹಿಟ್ಟಿಗೆ ಸರಿ ಬರುತ್ತದಾ ನೋಡಿದರಾಯ್ತು. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಆದರೆ ಇಬ್ಬರು ಒಂದೇ ಅಕ್ಕಿ ತಂದರೆ ಒಂದೇ ಹಿಟ್ಟು ಬಂದು ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಒಬ್ಬೊಬ್ಬರಿಗೆ ಬೇರೆ ಬೇರೆ ಚಿಟಿಕೆ ಉಪ್ಪು. ತಮಾಷೆಯಲ್ಲ, ಅದರ ಹೆಸರೇ ಸಾಲ್ಟ್. ಗಿರಣಿ ಬೇಕೆಂದೇ ನಿಧಾನ ಇರಬೇಕು. ನಮಗೆ ಒಂದು ಲಾಗಿನ್‌ಗೆ ಅರೆಕ್ಷಣ ತಡವಾದರೆ ಏನೂ ಹೋಗುವುದಿಲ್ಲ. ಕೋಟಿ ಪಾಸ್‌ವರ್ಡ್ ಬೀಸಿ ನೋಡುವ ಕಳ್ಳನಿಗೆ ಬಹಳ ಕಾಲ ಹಿಡಿಯಬೇಕು. ಎಂಡಿ5 ಎಂಬ ಹಳೆಯ ಗಿರಣಿ ಇದೆ, ಮಿಂಚಿನ ವೇಗ. ಪಾಸ್‌ವರ್ಡ್‌ಗೆ ಅದೇ ಅದರ ದೋಷ. ನಮ್ಮ ಕಡೆ ಎಷ್ಟೋ ಹಳೆಯ ಸೈಟ್‌ಗಳಲ್ಲಿ ಈಗಲೂ ಅದೇ ಇದೆ, ನಾನೇ ತೆರೆದು ನೋಡಿದ್ದೇನೆ.

ಸರಿಯಾದ ಗಿರಣಿಯನ್ನು ನಾವು ಕಟ್ಟಬೇಕಾಗಿಯೇ ಇಲ್ಲ. 2013ರಲ್ಲಿ ಬಂದ ಪಿಎಚ್‌ಪಿ 5.5ರಿಂದ 'ಪಾಸ್‌ವರ್ಡ್ ಹ್ಯಾಶ್', 'ಪಾಸ್‌ವರ್ಡ್ ವೆರಿಫೈ' ಎಂಬ ಎರಡು ಫಂಕ್ಷನ್ ಅದರಲ್ಲೇ ಇವೆ. ಉಪ್ಪು ಹಾಕುವುದನ್ನೂ ಅವೇ ನೋಡಿಕೊಳ್ಳುತ್ತವೆ. ಒಂದು ಸಾಲಿನ ಕೆಲಸ. ಸ್ವಂತ ಬುದ್ಧಿ ಓಡಿಸಿ 'ನಾನೇ ಒಂದು ಗುಪ್ತಲಿಪಿ ಮಾಡುತ್ತೇನೆ' ಎಂದು ಹೊರಡುವ ಹುಡುಗರನ್ನು ನೋಡಿದರೆ ನನಗೆ ಹಳೆಯ ನಾನೇ ಕಾಣುತ್ತೇನೆ. ನಾನು ಅಕ್ಷರಗಳನ್ನು ಮೂರು ಮನೆ ಮುಂದಕ್ಕೆ ಸರಿಸಿ ಬರೆದಿದ್ದೆ. ಎರಡನೇ ಪಿಯುಸಿ ಓದುವ ಅಣ್ಣನ ಮಗ ಚಹಾ ಕುಡಿಯುತ್ತಾ ಬಿಡಿಸಿದ.

ಇಷ್ಟೆಲ್ಲ ಆದ ಮೇಲೆ ಡೇಟಾಬೇಸ್ ಮತ್ತು ಲಾಗಿನ್ ಕೆಲಸವನ್ನು ಪ್ರತಿ ಸಲ ಹೊಸದಾಗಿ ಬರೆಯುವುದನ್ನು ಬಿಟ್ಟೆ. ಎರಡು ಪಿಎಚ್‌ಪಿ ಫೈಲ್‌ಗಳಲ್ಲಿ ಕಟ್ಟಿಟ್ಟು, ಹೊಸ ಸೈಟ್ ಬಂದಾಗ ಅದನ್ನೇ ಸೇರಿಸುತ್ತೇನೆ. ಪ್ರೋಗ್ರಾಮ್ ಬರೆಯುವವರು ಇಂಥದ್ದಕ್ಕೂ ಲೈಬ್ರರಿ ಎಂದೇ ಹೇಳುತ್ತಾರೆ. ಹಾಗಾಗಿ ಆ ಯುವಕ ಸಂಘದ ಕೆಲಸವನ್ನು ನಾನೇ ಒಪ್ಪಿಕೊಂಡು, ಅವರಿಗೆ "ನಿಮ್ಮ ಲೈಬ್ರರಿಗೆ ನನ್ನ ಲೈಬ್ರರಿ ಹಾಕುತ್ತೇನೆ" ಎಂದಾಗ ಅವರು ತಬ್ಬಿಬ್ಬಾದರು. ನನ್ನ ಲೈಬ್ರರಿ ಮಾಡುವುದು ಕಡಿಮೆ. ಲಾಗಿನ್ ಆದ ಕೂಡಲೇ ಸೆಷನ್ ನಂಬರ್, ಅಂದರೆ ಒಳಗೆ ಬಂದವರು ಯಾರೆಂದು ಗುರುತಿಡುವ ನಂಬರ್, ಬದಲಾಯಿಸುತ್ತದೆ, ಹಳೆಯ ನಂಬರ್ ಹಿಡಿದು ಇನ್ನೊಬ್ಬರು ಒಳಗೆ ಬರಬಾರದಲ್ಲ. ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಹದಿನೈದು ನಿಮಿಷ ಕೂರಿಸುತ್ತದೆ. 'ಹೆಸರು ತಪ್ಪು', 'ಪಾಸ್‌ವರ್ಡ್ ತಪ್ಪು' ಎಂದು ಬೇರೆ ಬೇರೆ ಹೇಳುವುದಿಲ್ಲ, ಎರಡಕ್ಕೂ ಒಂದೇ ಉತ್ತರ. ಹೊರಗಿನವರಿಗೆ ಯಾವ ಹೆಸರು ಇದೆ ಅನ್ನುವುದೂ ತಿಳಿಯಬಾರದು.

ಇನ್ನೊಂದನ್ನು ಕಲಿಸಿದ್ದು ಡಿ'ಸೋಜಾ ಎಂಬ ಅಡ್ಡಹೆಸರು. ಆ ಹೆಸರಿನ ಸದಸ್ಯರನ್ನು ಇಂಗ್ಲಿಷಿನಲ್ಲಿ ಸೇರಿಸಲು ಹೋದರೆ ಪ್ರತಿ ಸಲ ಎರರ್. ಮಧ್ಯದ ಆ ಸಣ್ಣ ಗೆರೆ ಇದೆಯಲ್ಲ, ಡೇಟಾಬೇಸ್‌ಗೆ ಅದು 'ಮಾತು ಇಲ್ಲಿಗೆ ಮುಗಿಯಿತು' ಎಂಬ ಗುರುತು. ಉಳಿದ 'ಸೋಜಾ' ಎನ್ನುವುದನ್ನು ಅದು ಆಜ್ಞೆ ಎಂದು ಓದಿ ಗಲಿಬಿಲಿಗೊಳ್ಳುತ್ತಿತ್ತು. ಅವರು ಪಾಪ ಒಳ್ಳೆಯವರು. ಕೆಟ್ಟವನೊಬ್ಬ ಬೇಕೆಂದೇ ಆ ಗೆರೆ ಹಾಕಿ, ಮುಂದೆ ನಿಜವಾದ ಆಜ್ಞೆಯನ್ನೇ ಬರೆದರೆ ಪಟ್ಟಿ ಪೂರ್ತಿ ಕದಿಯಬಹುದು ಅಥವಾ ಅಳಿಸಬಹುದು. ಈಗ ಆಜ್ಞೆಯನ್ನು ಬೇರೆ, ಹೆಸರನ್ನು ಬೇರೆ ಕಳಿಸುತ್ತೇನೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂದು ಅದರ ಹೆಸರು. ನಿಮ್ಮ ಸೈಟ್ ಮಾಡುವವರಿಗೆ ಈ ಎರಡು ಪದ ಗೊತ್ತಿಲ್ಲದಿದ್ದರೆ ಬೇರೆಯವರನ್ನು ಹುಡುಕಿ.

ಕನ್ನಡದ ಕಿರಿಕಿರಿ ಬೇರೆ. ಸಂಘದವರ ಹತ್ತಿರ ಪುಸ್ತಕದ ಪಟ್ಟಿ ಮೊದಲೇ ಇತ್ತು, ಆದರೆ ಹಳೆಯ ನುಡಿ ಅಕ್ಷರದಲ್ಲಿ. ಅದನ್ನು ಯೂನಿಕೋಡ್‌ಗೆ ತಂದ ಮೇಲೂ ಅಕಾರಾದಿ ಸರಿ ಬರಲಿಲ್ಲ. ಯೂನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಪದ್ಧತಿ. ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ ಬರುತ್ತಿತ್ತು. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಗೆ, 'ಹ' ಆದ ಮೇಲೆ. ಯೂನಿಕೋಡ್ ನಂಬರ್‌ಗಳಲ್ಲಿ ಅದನ್ನು 'ಲ' ಪಕ್ಕದಲ್ಲೇ ಕೂರಿಸಿದ್ದಾರೆ. ಎಸ್‌ಕ್ಯೂಲೈಟ್ ಬರೀ ನಂಬರ್ ನೋಡಿ ಸಾಲು ಮಾಡುತ್ತದೆ. ಆದರೆ 'ನಮ್ಮ ಕ್ರಮ ಇದು' ಎಂದು ನಾವು ಹೇಳಿಕೊಟ್ಟರೆ ಕೇಳುತ್ತದೆ, ಹತ್ತಿಪ್ಪತ್ತು ಸಾಲಿನ ಕೋಡ್. ಆಮೇಲೆ 'ಕೊ' ಎಂಬ ಅಕ್ಷರವನ್ನು ಎರಡು ರೀತಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಒಳಗಿನ ನಂಬರ್ ಬೇರೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಇಲ್ಲ. ಒಳಗೆ ಸೇರಿಸುವ ಮೊದಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಆ 1,10,000ದ ಕೊಟೇಶನ್‌ನಲ್ಲಿ ಕನ್ನಡ ಎಂಬ ಪದವೇ ಇರಲಿಲ್ಲ, ಸುಮ್ನೆ ಹೇಳಿದೆ.

ಫೈಲ್ ಎಲ್ಲದಕ್ಕೂ ಆಗುತ್ತದೆ ಎಂದು ನನ್ನ ವಾದವಲ್ಲ. ಬರೆಯುವವರು ಒಂದು ಹೊತ್ತಿಗೆ ಒಬ್ಬರೇ. ಬಸ್ ಟಿಕೆಟ್ ಬುಕಿಂಗ್‌ನಂತೆ ಸಾವಿರಾರು ಜನ ಒಟ್ಟಿಗೆ ಬರೆಯುವ ಕಡೆ ಇದು ನಡೆಯುವುದಿಲ್ಲ, ಅಲ್ಲಿ ಸರ್ವರ್ ಬೇಕೇ ಬೇಕು. ಆದರೆ ದಿನಕ್ಕೆ 1 ಲಕ್ಷಕ್ಕಿಂತ ಕಡಿಮೆ ಸಲ ತೆರೆಯುವ ಸೈಟ್‌ಗೆ ಇದು ಸಾಕು ಎಂದು ಎಸ್‌ಕ್ಯೂಲೈಟ್ ಮಾಡಿದವರೇ ಹೇಳುತ್ತಾರೆ. ನಮ್ಮದು ಅರವತ್ತು.

ಬ್ಯಾಕಪ್ ಬಗ್ಗೆ ಒಂದು ಮಾತು. ಸೈಟ್ ಓಡುತ್ತಿರುವಾಗ ಫೈಲ್ ಅನ್ನು ಹಾಗೇ ಕಾಪಿ ಮಾಡಬಾರದು. ನಾನು ವೇಗಕ್ಕೆಂದು 'ವಾಲ್' ಎಂಬ ವಿಧಾನ ಹಾಕಿದ್ದೆ. ಅದರಲ್ಲಿ ಹೊಸ ಬರಹ ಸ್ವಲ್ಪ ಹೊತ್ತು ಪಕ್ಕದ ಇನ್ನೊಂದು ಫೈಲಿನಲ್ಲಿ ಇರುತ್ತದೆ. ದೊಡ್ಡ ಫೈಲ್ ಮಾತ್ರ ಕಾಪಿ ಮಾಡಿಕೊಂಡು ಬಂದು, ನಿನ್ನೆಯ ಪುಸ್ತಕಗಳು ಎಲ್ಲಿ ಎಂದು ಹುಡುಕಿದ್ದೇನೆ. ಎಸ್‌ಕ್ಯೂಲೈಟ್‌ನ ಸ್ವಂತ ಬ್ಯಾಕಪ್ ಆಜ್ಞೆ ಇದೆ, ಅದನ್ನೇ ಬಳಸಬೇಕು.

ಹೀಗೆ ತೆಗೆದ ಫೈಲ್ ಪೂರ್ತಿ ಸಂಘದ್ದು. ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ನಮ್ಮ ತಾಲ್ಲೂಕಿನ ಒಂದು ಶಾಲೆಯ ಸೈಟ್ ಮಾಡಿಕೊಟ್ಟವರು ಊರು ಬಿಟ್ಟರು. ಸರ್ವರ್‌ನ ಪಾಸ್‌ವರ್ಡ್ ಯಾರ ಹತ್ತಿರವೂ ಇಲ್ಲ. ಹಳೆಯ ವಿದ್ಯಾರ್ಥಿಗಳ ಪಟ್ಟಿ ಹೋಗಿಯೇ ಹೋಯಿತು. ಇಲ್ಲಿ 4,300 ಪುಸ್ತಕ, 212 ಸದಸ್ಯರು, ಎರವಲಿನ ಲೆಕ್ಕ ಎಲ್ಲಾ ಸೇರಿ ಒಂದು ಫೋಟೋದಷ್ಟು ದೊಡ್ಡ ಫೈಲ್. ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ಹಾಕಿ ಕಾರ್ಯದರ್ಶಿಯ ಕೈಗೆ ಕೊಡುತ್ತೇನೆ. ನಾಳೆ ನಾನಿಲ್ಲದಿದ್ದರೂ ಬೇರೆ ಯಾರಾದರೂ ಅದನ್ನು ತೆರೆಯಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾಹಿತಿಯನ್ನು ದೀರ್ಘಕಾಲ ಕಾಪಾಡಲು ಶಿಫಾರಸು ಮಾಡುವ ರೂಪಗಳಲ್ಲಿ ಎಸ್‌ಕ್ಯೂಲೈಟ್ ಫೈಲೂ ಒಂದು. ಎಸ್‌ಕ್ಯೂಲೈಟ್ ಮಾಡಿದವರು 2050ರವರೆಗೆ ನೋಡಿಕೊಳ್ಳುವ ಉದ್ದೇಶ ಇದೆ ಎಂದು ಹೇಳಿದ್ದಾರೆ.

ಹೋಸ್ಟಿಂಗ್ ಮತ್ತು ವೆಬ್ ವಿಳಾಸ ಸೇರಿ ಸಂಘಕ್ಕೆ ವರ್ಷಕ್ಕೆ 2,400 ರೂಪಾಯಿ ಬೀಳುತ್ತಿದೆ. ನನ್ನ ಕೂಲಿ ಎಷ್ಟು ಎಂದು ಬರೆಯುವುದಿಲ್ಲ, ಉಳಿದ ಸಂಘದವರೂ ಅದನ್ನೇ ಕೇಳುತ್ತಾರೆ.

ನಿಮ್ಮ ಓದುಗರಲ್ಲಿ ಇಂಥ ಸಂಘ ನಡೆಸುವವರು ಬೇಕಾದಷ್ಟು ಜನ ಇದ್ದಾರೆ. ಕೊಟೇಶನ್‌ಗೆ ಸಹಿ ಹಾಕುವ ಮೊದಲು ಇಷ್ಟು ಕೇಳಿ: ನಮ್ಮ ಮಾಹಿತಿ ಇರುವ ಫೈಲ್ ಎಲ್ಲಿರುತ್ತೆ, ಬ್ರೌಸರ್‌ನಲ್ಲಿ ಅದರ ವಿಳಾಸ ಹೊಡೆದರೆ ಏನಾಗುತ್ತೆ, ಪಾಸ್‌ವರ್ಡ್ ನಿಮಗೆ ಕಾಣುತ್ತಾ, ಬಿಟ್ಟು ಹೋಗುವಾಗ ನಮ್ಮ ಕೈಗೆ ಏನು ಕೊಡ್ತೀರಿ. 'ಪಾಸ್‌ವರ್ಡ್ ಮರೆತರೆ ನಾವೇ ನೋಡಿ ಹೇಳ್ತೀವಿ' ಎಂದರೆ ಅಲ್ಲೇ ಎದ್ದು ಬನ್ನಿ. ಅವರಿಗೆ ಕಾಣುತ್ತಿದೆ ಎಂದರೆ ಹಿಟ್ಟು ಮಾಡಿಲ್ಲ, ಅಕ್ಕಿ ಹಾಗೇ ಇದೆ.

ನನ್ನ ಆ ಎರಡು ಫೈಲ್ ಬೇಕಾದವರು ಪೆನ್‌ಡ್ರೈವ್ ತಂದರೆ ಬಿಟ್ಟಿಯಾಗಿ ಹಾಕಿಕೊಡುತ್ತೇನೆ. ಶನಿವಾರ ಮಧ್ಯಾಹ್ನ ಮಾತ್ರ ಬೇಡ, ಮದುವೆ ಸೀಸನ್, ಕರೆಯೋಲೆ ತಿದ್ದಿಸಲು ಎರಡೂ ಕಡೆಯವರು ಬಂದು ಕೂತಿರುತ್ತಾರೆ.

ಇಂತಿ,
ಜೆರಾಕ್ಸ್ ಅಂಗಡಿಯ ಓದುಗಿ
ಶಿರಸಿ, ಉತ್ತರ ಕನ್ನಡ